ನಾವು ನುಂಗಿದ ಮಾತ್ರೆ ನೀರಿನಲ್ಲಿ ಏನು ಮಾಡುತ್ತದೆ?

ಕುವೈತಿನಲ್ಲಿ ನದಿಯಿಲ್ಲ, ಕೆರೆಯಿಲ್ಲ. ಕಳೆದ ಶತಮಾನದ ಮೊದಲ ಭಾಗದಲ್ಲಿ ಇಲ್ಲಿನವರು ಷಟ್ ಅಲ್-ಅರಬ್ ನದಿಯಿಂದ ಹಾಯಿದೋಣಿಗಳಲ್ಲಿ ಸಿಹಿನೀರು ತರಿಸಿಕೊಂಡು ಕುಡಿಯುತ್ತಿದ್ದರು. 1953ರಲ್ಲಿ ಸಮುದ್ರದ ನೀರನ್ನು ಬಟ್ಟಿ ಇಳಿಸುವ ಸರ್ಕಾರಿ ಸ್ಥಾವರ ಶುರುವಾದ ಮೇಲೆ ಆ ಕಾಲ ಮುಗಿಯಿತು. ಹೀಗಾಗಿ ನೀರಿನಲ್ಲಿ ಔಷಧದ ಮಾಲಿನ್ಯ ಎಂಬ ವಿಷಯ ತೆಗೆದರೆ ನಮ್ಮವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: ಅದು ಊರಿನ ಸಮಸ್ಯೆ, ಗಂಗೆ-ಕಾವೇರಿಯ ಸಮಸ್ಯೆ. ಇಲ್ಲಿ ಸಮುದ್ರದ ನೀರನ್ನೇ ಕಾಯಿಸಿ ಕೊಡುತ್ತಾರೆ, ನಮಗೇನು?

ಕುಡಿಯುವ ನೀರಿನ ಮಟ್ಟಿಗೆ ಈ ಮಾತು ಬಹುಪಾಲು ಸರಿ. ಆವಿ ಮಾಡಿ ಹಿಡಿದ ನೀರಿನಲ್ಲಿ ಉಪ್ಪು ಹೇಗೆ ಹಿಂದೆಯೇ ಉಳಿಯುತ್ತದೋ ಹಾಗೆ ಔಷಧದ ಅಂಶವೂ ಹೆಚ್ಚಾಗಿ ಹಿಂದೆಯೇ ಉಳಿಯುತ್ತದೆ. ನಲ್ಲಿ ತಿರುಗಿಸುವಾಗ ಹೆದರುವ ಕಾರಣವಿಲ್ಲ. ಆದರೆ ಕುವೈತಿಗೂ ಒಂದು ನದಿಯಿದೆ. ಅದು ನೆಲದಡಿ ಪೈಪಿನಲ್ಲಿ ಹರಿಯುತ್ತದೆ, ಅದರ ಉಗಮ ನಮ್ಮ ನಿಮ್ಮ ಫ್ಲಾಟಿನ ಶೌಚಾಲಯದಲ್ಲಿದೆ. ಅಬ್ಬಾಸಿಯಾ, ಫರ್ವಾನಿಯಾ, ಸಾಲ್ಮಿಯಾ, ಮಂಗಾಫ್, ಎಲ್ಲಿಯೇ ಇರಲಿ, ನಾವು ಬಿಟ್ಟ ನೀರು ಯಾವುದೋ ಒಂದು ಶುದ್ಧೀಕರಣ ಘಟಕ ಸೇರುತ್ತದೆ. ಅವುಗಳಲ್ಲಿ ದೊಡ್ಡದು ಸುಲೈಬಿಯಾದಲ್ಲಿದೆ. ದಿನಕ್ಕೆ 3,75,000 ಘನ ಮೀಟರ್ ಕೊಳಚೆ ನೀರನ್ನು ಆರ್‌ಓ ಮಾಡುವ ಸಾಮರ್ಥ್ಯದಿಂದ ಶುರುವಾದ ಆ ಘಟಕ ಜಗತ್ತಿನಲ್ಲೇ ಈ ಬಗೆಯ ಅತಿ ದೊಡ್ಡ ಘಟಕಗಳಲ್ಲಿ ಒಂದು. ಅಲ್ಲಿ ಶುದ್ಧವಾದ ನೀರು ಕೃಷಿಗೆ, ಗಿಡಮರಗಳಿಗೆ ಹೋಗುತ್ತದೆ. ಪೈಪು ಒಡೆದಾಗ, ಪಂಪು ಕೆಟ್ಟಾಗ, ಮಳೆನೀರಿನ ಚರಂಡಿಗೆ ಯಾರೋ ಕಳ್ಳ ಸಂಪರ್ಕ ಕೊಟ್ಟಾಗ ಅದೇ ಕೊಳಚೆ ಶುದ್ಧವಾಗದೆ ನೇರ ಸಮುದ್ರಕ್ಕೆ ಹೋಗುತ್ತದೆ. 2009ರ ಆಗಸ್ಟ್‌ನಲ್ಲಿ ಮಿಶ್ರಿಫ್ ಪಂಪಿಂಗ್ ಸ್ಟೇಷನ್ ಕೆಟ್ಟಾಗ ಆದದ್ದು ಇದೇ. ಆಗ ಇಲ್ಲಿದ್ದವರಿಗೆ ಕಡಲ ದಂಡೆಯ ಆ ವಾಸನೆ ನೆನಪಿರುತ್ತದೆ.

ಈ ನೆಲದಡಿಯ ನದಿಯಲ್ಲಿ ಏನಿರುತ್ತದೆ ಎಂಬುದನ್ನು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವ ನಮ್ಮಂಥವರು ಕೌಂಟರಿನ ಒಳಗೆ ನಿಂತೇ ಊಹಿಸಬಹುದು. ನಾವು ಏನು ಕೊಟ್ಟಿದ್ದೇವೋ ಅದೇ ಇರುತ್ತದೆ. ಮಾತ್ರೆ ನುಂಗಿದರೆ ಅದು ದೇಹದೊಳಗೆ ಕರಗಿ ಮುಗಿದುಹೋಯಿತು ಎಂದು ಜನ ತಿಳಿಯುತ್ತಾರೆ. ಹಾಗಲ್ಲ. ಅಮಾಕ್ಸಿಸಿಲಿನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಏನೂ ಬದಲಾಗದೆ ಮೂತ್ರದಲ್ಲಿ ಹೊರಬರುತ್ತದೆ. ಸಿಪ್ರೊಫ್ಲಾಕ್ಸಾಸಿನ್‌ನಲ್ಲಿ ಶೇ. 40ರಿಂದ 50ರಷ್ಟು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅನ್ನು ನಮ್ಮ ಯಕೃತ್ತು ಮುಟ್ಟುವುದೇ ಇಲ್ಲ, ರಕ್ತಕ್ಕೆ ಸೇರಿದ್ದು ಹಾಗೆಯೇ ಮೂತ್ರಪಿಂಡದ ಮೂಲಕ ಹೊರಗೆ ಹೋಗುತ್ತದೆ. ವಯಸ್ಕರಲ್ಲಿ ಸುಮಾರು ಕಾಲುಭಾಗ ಜನರಿಗೆ ಸಕ್ಕರೆ ಕಾಯಿಲೆ ಇರುವ ದೇಶದಲ್ಲಿ ಕೊಳಚೆ ನೀರಿನಲ್ಲಿ ಮೆಟ್‌ಫಾರ್ಮಿನ್ ಎಷ್ಟಿರಬಹುದು ಎಂದು ಲೆಕ್ಕ ಹಾಕಲು ದೊಡ್ಡ ಓದು ಬೇಕಿಲ್ಲ.

2022ರಲ್ಲಿ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 104 ದೇಶಗಳ 258 ನದಿಗಳನ್ನು ಪರೀಕ್ಷಿಸಿದ ವರದಿ ಬಂತು. 1,052 ಕಡೆ ನೀರು ತೆಗೆದು 61 ಔಷಧಗಳಿಗಾಗಿ ಹುಡುಕಿದ್ದರು. ಅತಿ ಹೆಚ್ಚು ಮಲಿನವಾಗಿ ಕಂಡ ಊರುಗಳಲ್ಲಿ ಲಾಹೋರ್, ಲಾ ಪಾಝ್, ಅಡಿಸ್ ಅಬಾಬಾ ಇದ್ದವು. ಮೂರ್ಛೆ ರೋಗಕ್ಕೆ ಕೊಡುವ ಕಾರ್ಬಮಝೆಪಿನ್, ಮೆಟ್‌ಫಾರ್ಮಿನ್, ಕೆಫೀನ್ ಈ ಮೂರೂ ಅರ್ಧಕ್ಕಿಂತ ಹೆಚ್ಚು ಜಾಗಗಳಲ್ಲಿ ಸಿಕ್ಕವು. ನಮ್ಮ ಕಾವೇರಿಯನ್ನು ಐಐಟಿ ಮದ್ರಾಸಿನವರು ತಮಿಳುನಾಡಿನ ಭಾಗದಲ್ಲಿ ಎರಡು ವರ್ಷ ಗಮನಿಸಿದಾಗ ನೋವಿನ ಮಾತ್ರೆ, ಆ್ಯಂಟಿಬಯಾಟಿಕ್, ಕಾರ್ಬಮಝೆಪಿನ್ ಎಲ್ಲವೂ ಕಂಡವು. ಕುವೈತಿನ ವೈಜ್ಞಾನಿಕ ಸಂಶೋಧನಾ ಸಂಸ್ಥೆಯವರು ಇಲ್ಲಿನ ಕೊಳಚೆ ನೀರಿನಲ್ಲಿ ಔಷಧದ ಅಂಶಗಳನ್ನು ಗುರುತಿಸಿದ್ದಾರೆ, ಕಡಲ ದಂಡೆಯ ನೀರಿನಲ್ಲಿ ಹಲವು ಔಷಧಗಳಿಗೆ ಬಗ್ಗದ ಇ.ಕೋಲೈ ಬ್ಯಾಕ್ಟೀರಿಯಾವನ್ನೂ ಕಂಡಿದ್ದಾರೆ.

ಪ್ರಮಾಣ ತೀರಾ ಕಡಿಮೆ, ಅಷ್ಟರಿಂದ ಏನಾದೀತು ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ನಾವು ಹೇಳಬೇಕೆಂದಿರುವುದು ಇದನ್ನೇ. ಆ್ಯಂಟಿಬಯಾಟಿಕ್ ವಿಷಯದಲ್ಲಿ ಕಡಿಮೆ ಎಂಬುದು ಸಮಾಧಾನದ ಮಾತಲ್ಲ. ಕಡಿಮೆ ಎಂಬುದೇ ತೊಂದರೆ.

ಇದು ತಿಳಿಯಬೇಕಾದರೆ ಬ್ಯಾಕ್ಟೀರಿಯಾಗಳು ಹೇಗೆ ಬದುಕುತ್ತವೆ ಎಂಬುದನ್ನು ಸ್ವಲ್ಪ ನೋಡಬೇಕು. ಡಿ.ಫಾರ್ಮಾ ಓದುವಾಗ ನಮಗೆ ಪಾಠದಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಗಾಜಿನ ನಳಿಕೆಯಲ್ಲಿ ಒಂಟಿಯಾಗಿ ತೇಲುವ ಜೀವಿ. ಹೊರಗಿನ ಲೋಕದಲ್ಲಿ ಅವು ಹಾಗೆ ಒಂಟಿಯಾಗಿರುವುದು ಕಡಿಮೆ. ಊರಿನ ಬಚ್ಚಲು ಕಲ್ಲನ್ನು ಎರಡು ದಿನ ಉಜ್ಜದೆ ಬಿಟ್ಟರೆ ಕಾಲು ಜಾರುತ್ತದಲ್ಲ, ಆ ಲೋಳೆ ಅವುಗಳ ಮನೆ. ಬೆಳಿಗ್ಗೆ ಎದ್ದು ನಾಲಿಗೆಯಿಂದ ಹಲ್ಲು ಸವರಿದರೆ ತಗಲುವ ಜಿಗುಟು ಪದರವೂ ಅದೇ. ನೀರಿನಲ್ಲಿ ತೇಲಿಬಂದ ಬ್ಯಾಕ್ಟೀರಿಯಾ ಒಂದು ಮೇಲ್ಮೈಗೆ ಅಂಟಿಕೊಳ್ಳುತ್ತದೆ, ಸಕ್ಕರೆ, ಪ್ರೊಟೀನು, ಡಿಎನ್‌ಎ ಸೇರಿದ ಒಂದು ಅಂಟನ್ನು ಸುತ್ತ ಸುರಿಸುತ್ತದೆ, ಬೇರೆ ಜಾತಿಯವೂ ಬಂದು ಸೇರುತ್ತವೆ, ದಿನ ಕಳೆದಂತೆ ಅಲ್ಲೊಂದು ಕೇರಿಯೇ ಕಟ್ಟಿಕೊಳ್ಳುತ್ತದೆ. ಇದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಬಯೋಫಿಲ್ಮ್.

ಬಯೋಫಿಲ್ಮ್ ಎಂದರೆ ಬರೀ ಶತ್ರು ಎಂದು ತಿಳಿಯಬಾರದು. ಹೊಳೆಯ ಕಲ್ಲಿನ ಮೇಲಿನ ಪಾಚಿ-ಲೋಳೆ ನೀರನ್ನು ತಿಳಿಯಾಗಿಸುತ್ತದೆ, ಹುಳುಗಳಿಗೆ ಮೇವಾಗುತ್ತದೆ, ಆ ಹುಳು ಮೀನಿಗೆ ಮೇವು. ಕೊಳಚೆ ಶುದ್ಧೀಕರಣ ಘಟಕಗಳಲ್ಲಿ ನಿಜವಾದ ದುಡಿಮೆ ಮಾಡುವುದು ಎಂಜಿನಿಯರುಗಳಲ್ಲ, ಹೀಗೆ ಗುಂಪುಗೂಡಿದ ಬ್ಯಾಕ್ಟೀರಿಯಾಗಳೇ. ಅದೇ ಘಟಕದ ಮುಂದಿನ ಹಂತದಲ್ಲಿ ಆರ್‌ಓ ಪೊರೆಗಳ ಮೇಲೆ ಅಂಟಿಕೊಂಡು ತೂತುಗಳನ್ನು ಮುಚ್ಚಿ ತಲೆನೋವು ತರುವುದೂ ಅವೇ. ಜಾಗ ನೋಡಿ ಗುಣ.

ಆಸ್ಪತ್ರೆಯಲ್ಲಿ ಮಾತ್ರ ಅದು ತಲೆನೋವೇ. ಮೂತ್ರದ ಕ್ಯಾಥೆಟರ್ ಒಳಗೆ, ವೆಂಟಿಲೇಟರಿನ ಕೊಳವೆಯಲ್ಲಿ, ಕೃತಕ ಮಂಡಿಚಿಪ್ಪಿನ ಮೇಲೆ, ಸಕ್ಕರೆ ಕಾಯಿಲೆಯವರ ಕಾಲಿನ ಮಾಯದ ಹುಣ್ಣಿನಲ್ಲಿ ಈ ಲೋಳೆ ಕೂತರೆ ಔಷಧ ಒಳಗೆ ಇಳಿಯುವುದೇ ಕಷ್ಟ. ಒಳಪದರದ ಬ್ಯಾಕ್ಟೀರಿಯಾಗಳು ಅರೆನಿದ್ದೆಯಲ್ಲಿರುತ್ತವೆ, ಬೆಳೆಯುವುದನ್ನೇ ನಿಲ್ಲಿಸಿರುತ್ತವೆ. ಬೆಳೆಯುವ ಜೀವಿಯನ್ನು ಕೊಲ್ಲಲೆಂದು ಮಾಡಿದ ಔಷಧ ಅವುಗಳ ಮುಂದೆ ಸುಮ್ಮನೆ ಹರಿದುಹೋಗುತ್ತದೆ. ಒಂಟಿಯಾಗಿ ತೇಲುವ ಬ್ಯಾಕ್ಟೀರಿಯಾ ಸಾಯುವ ಪ್ರಮಾಣಕ್ಕಿಂತ ನೂರು, ಕೆಲವೊಮ್ಮೆ ಸಾವಿರ ಪಟ್ಟು ಹೆಚ್ಚು ಔಷಧವನ್ನು ಬಯೋಫಿಲ್ಮ್ ತಡೆದುಕೊಳ್ಳಬಲ್ಲದು. ಗಲ್ಫಿನಲ್ಲಿ ದುಡಿಯುವ ನಮ್ಮವರಲ್ಲಿ ಸಕ್ಕರೆ ಕಾಯಿಲೆ ಎಷ್ಟು ಜನಕ್ಕಿದೆ ಎಂದು ನಿಮಗೆ ಗೊತ್ತು. ಸೇಫ್ಟಿ ಶೂ ಒಳಗೆ ಹನ್ನೆರಡು ಗಂಟೆ ಬೆವರುವ ಕಾಲಿಗೆ ಒಂದು ಗುಳ್ಳೆ ಎದ್ದರೆ ಅದು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದೂ ಗೊತ್ತು. ಬೆರಳು ಉಳಿಯುತ್ತದೋ ಇಲ್ಲವೋ ಎಂಬುದು ಎಷ್ಟೋ ಸಲ ಈ ಲೋಳೆಯ ಮೇಲೆ ನಿಂತಿರುತ್ತದೆ.

ಈಗ ಕಡಿಮೆ ಪ್ರಮಾಣದ ವಿಷಯಕ್ಕೆ ಬರೋಣ. 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಸೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ನಡೆದದ್ದು. ಆಸ್ಪತ್ರೆಗಳಲ್ಲಿ ನಮ್ಮನ್ನು ಬಹಳ ಕಾಡುವ ಜೀವಿ ಅದು. ಟೋಬ್ರಾಮೈಸಿನ್ ಎಂಬ ಔಷಧವನ್ನು ಕೊಲ್ಲುವಷ್ಟಲ್ಲ, ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಕೊಟ್ಟರು. ಬ್ಯಾಕ್ಟೀರಿಯಾ ಸಾಯಲಿಲ್ಲ. ಮೊದಲಿಗಿಂತ ಹೆಚ್ಚು ಬಯೋಫಿಲ್ಮ್ ಕಟ್ಟಿತು. ಅಪಾಯದ ವಾಸನೆ ಹೊಡೆದ ಕೂಡಲೇ ಬಾಗಿಲು ಹಾಕಿಕೊಂಡು ಗೋಡೆ ಎತ್ತರಿಸಿದ ಹಾಗೆ. 2011ರಲ್ಲಿ ಸ್ವೀಡನ್ನಿನ ಉಪ್ಸಾಲಾದಿಂದ ಇನ್ನೊಂದು ಫಲಿತಾಂಶ ಬಂತು: ಬ್ಯಾಕ್ಟೀರಿಯಾದ ಬೆಳವಣಿಗೆ ನಿಲ್ಲಿಸಲು ಬೇಕಾದ ಪ್ರಮಾಣಕ್ಕಿಂತ ನೂರಾರು ಪಟ್ಟು ಕಡಿಮೆ ಔಷಧವಿದ್ದರೂ, ಔಷಧಕ್ಕೆ ಬಗ್ಗದ ತಳಿ ನಿಧಾನವಾಗಿ ಉಳಿದವುಗಳನ್ನು ಹಿಂದಿಕ್ಕುತ್ತದೆ. ಹಾವನ್ನು ಅರೆಜೀವ ಮಾಡಿ ಬಿಡಬಾರದು ಎಂದು ಊರಿನ ಹಿರಿಯರು ಹೇಳುತ್ತಿದ್ದರು. ಹಾವಿನ ವಿಷಯದಲ್ಲಿ ಆ ಮಾತು ನಿಜವೋ ಅಲ್ಲವೋ, ಬ್ಯಾಕ್ಟೀರಿಯಾದ ವಿಷಯದಲ್ಲಿ ನಿಜ. ಕೊಳಚೆ ನೀರಿನಲ್ಲಿ ಸದಾ ಹರಿಯುವ ತೆಳು ಔಷಧ ಕೋಟ್ಯಂತರ ಹಾವುಗಳನ್ನು ದಿನವೂ ಅರೆಜೀವ ಮಾಡಿ ಬಿಡುತ್ತಿದೆ.

ಜೊತೆಗೆ ಇನ್ನೊಂದು ಸಂಗತಿಯಿದೆ. ಆ ಲೋಳೆಯ ಕೇರಿಯಲ್ಲಿ ಬೇರೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಔಷಧವನ್ನು ಸೋಲಿಸುವ ಜೀನ್‌ಗಳು ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತವೆ. ಸಾಲ ಕೊಟ್ಟಷ್ಟು ಸಲೀಸು. 2011ರಲ್ಲಿ ದೆಹಲಿಯ ಬೀದಿಯಲ್ಲಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ನಲ್ಲಿ ನೀರಿನ 50 ಮಾದರಿಗಳಲ್ಲಿ 2ರಲ್ಲಿ ಎನ್‌ಡಿಎಂ-1 ಎಂಬ ಜೀನ್ ಸಿಕ್ಕಿತ್ತು. ನಮ್ಮ ಅತಿ ಬಲವಾದ ಇಂಜೆಕ್ಷನ್ನುಗಳನ್ನೇ ಮಣಿಸುವ ಜೀನ್ ಅದು. ವಿಮಾನ ಹತ್ತಲು ಅದಕ್ಕೆ ವೀಸಾ ಬೇಕಿಲ್ಲ. ಗಲ್ಫಿನ ಆಸ್ಪತ್ರೆಗಳಲ್ಲೂ ಅದು ಕಾಣಿಸಿಕೊಂಡಿದೆ.

ಎಲ್ಲ ಔಷಧವೂ ಬಯೋಫಿಲ್ಮ್ ಬೆಳೆಸುತ್ತದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಕೆಲವು ಅದನ್ನು ಕೊರೆದು ತೆಳುವಾಗಿಸುತ್ತವೆ. ಅದು ಒಳ್ಳೆಯದೇ ಎಂದರೆ ಹೊಳೆಯಲ್ಲಿ ಅಲ್ಲ. 2013ರಲ್ಲಿ ಎಮ್ಮಾ ರೋಸಿ-ಮಾರ್ಷಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಅಮೆರಿಕದ ಮೂರು ರಾಜ್ಯಗಳ ತೊರೆಗಳಲ್ಲಿ ಸಣ್ಣ ಕಪ್ಪುಗಳಲ್ಲಿ ಔಷಧ ತುಂಬಿಟ್ಟು, ಅದರ ಮೇಲೆ ಬೆಳೆಯುವ ಲೋಳೆಯನ್ನು ಪರೀಕ್ಷಿಸಿದರು. ಕೆಫೀನ್, ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆ ಕೊಡುವ ರಾನಿಟಿಡಿನ್, ಸಿಪ್ರೊಫ್ಲಾಕ್ಸಾಸಿನ್, ಅಲರ್ಜಿಗೆ ಕೊಡುವ ಡೈಫೆನ್‌ಹೈಡ್ರಮಿನ್ ಇವೆಲ್ಲ ಅದರಲ್ಲಿದ್ದವು. ಅಲರ್ಜಿಯ ಔಷಧ ಇದ್ದ ಕಡೆ ಪಾಚಿ ಬಿಸಿಲಿನಿಂದ ಆಹಾರ ತಯಾರಿಸುವ ಕ್ರಿಯೆ ಶೇ. 99ರವರೆಗೂ ಕುಸಿಯಿತು. ಒಳಗಿನ ಬ್ಯಾಕ್ಟೀರಿಯಾಗಳ ಜಾತಿಯೂ ಬದಲಾಯಿತು, ಸೂಡೋಮೊನಾಸ್ ಗುಂಪು ಹೆಚ್ಚಿತು. ಡೈಫೆನ್‌ಹೈಡ್ರಮಿನ್ ಆ್ಯಂಟಿಬಯಾಟಿಕ್ಕೇ ಅಲ್ಲ. ಧೂಳಿನ ಗಾಳಿ ಎದ್ದಾಗ ಮೂಗು ಸೋರುವವರಿಗೆ ಕೊಡುವ, ಕೆಮ್ಮಿನ ಸಿರಪ್ಪಿನಲ್ಲಿ ಇರುವ ಸಾಮಾನ್ಯ ಔಷಧ. ನೀರಿಗೆ ಸೇರಿದ ಮೇಲೆ ಯಾವ ಮದ್ದು ಯಾರನ್ನು ಬೆಳೆಸುತ್ತದೆ, ಯಾರನ್ನು ಕೊಲ್ಲುತ್ತದೆ ಎಂಬುದು ಡಬ್ಬಿಯ ಒಳಗಿರುವ ಚೀಟಿಯಲ್ಲಿ ಬರೆದಿರುವುದಿಲ್ಲ. ನಮ್ಮ ರಾಮನಗರದ ರಣಹದ್ದುಗಳ ಕಥೆಯೂ ಇಂಥದೇ: ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡವನ್ನು ಕೊಂದಿತು ಎಂದು 2004ರಲ್ಲಿ ಗೊತ್ತಾಗುವಷ್ಟರಲ್ಲಿ ದೇಶದ ಬಹುಪಾಲು ರಣಹದ್ದುಗಳು ಹೋಗಿಯಾಗಿತ್ತು. ಪಶುಗಳಿಗೆ ಆ ಔಷಧ ನಿಷೇಧವಾದದ್ದು 2006ರಲ್ಲಿ.

ತೆಳು ಔಷಧದ ಕಥೆ ಹೀಗಾದರೆ, ಗಟ್ಟಿ ಔಷಧ ಹರಿದ ಊರೂ ಒಂದಿದೆ. ಬೀದರಿನಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಹೋದವರೆಲ್ಲ ಪಟಾಂಚೆರು ದಾಟಿರುತ್ತೀರಿ. ಸುಮಾರು 90 ಔಷಧ ಕಾರ್ಖಾನೆಗಳ ಕೊಳಚೆಯನ್ನು ಅಲ್ಲಿ ಒಂದೇ ಘಟಕದಲ್ಲಿ ಶುದ್ಧ ಮಾಡುತ್ತಿದ್ದರು. 2007ರಲ್ಲಿ ಸ್ವೀಡನ್ನಿನ ಜೋಕಿಮ್ ಲಾರ್ಸನ್ ತಂಡದವರು ಶುದ್ಧವಾಗಿ ಹೊರಬಿದ್ದ ಆ ನೀರನ್ನೇ ಪರೀಕ್ಷಿಸಿ ಪ್ರಕಟಿಸಿದರು. ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್! ನಮ್ಮ ಕೌಂಟರಿನ ಲೆಕ್ಕದಲ್ಲಿ ಹೇಳುವುದಾದರೆ, 500 ಮಿಲಿಗ್ರಾಂ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಅದು ಏರುವುದು ಲೀಟರಿಗೆ ಹೆಚ್ಚೆಂದರೆ ಎರಡು-ಮೂರು ಮಿಲಿಗ್ರಾಂ. ರೋಗಿಯ ರಕ್ತಕ್ಕಿಂತ ಕಾಲುವೆಯ ನೀರಿನಲ್ಲಿ ಹತ್ತು ಪಟ್ಟು ಹೆಚ್ಚು ಔಷಧ. ಇಷ್ಟು ಔಷಧದಲ್ಲಿ ಯಾವ ಬ್ಯಾಕ್ಟೀರಿಯಾ ಬದುಕಿ ಉಳಿದಿರಬೇಕು ಎಂದು ಯೋಚಿಸಿದರೆ ಮೈ ನಡುಗುತ್ತದೆ. ಆ ನೀರು ಹಳ್ಳ ಸೇರಿ ಕೆಳಗೆ ಹರಿದಂತೆ ಮತ್ತೆ ತೆಳುವಾಗುತ್ತದೆ, ಮತ್ತೆ ಅರೆಜೀವದ ಕಥೆ ಶುರುವಾಗುತ್ತದೆ. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಯವರು, ಯಾದಗಿರಿಯ ಕಡೇಚೂರು-ಬಾಡಿಯಾಳದವರು ವಾಸನೆ ಮತ್ತು ನೀರಿನ ಬಗ್ಗೆ ದೂರುತ್ತಲೇ ಬಂದಿದ್ದಾರೆ. ಅವರ ದೂರನ್ನು ಪಟಾಂಚೆರುವಿನ ಆ ಅಂಕಿಯನ್ನು ಪಕ್ಕದಲ್ಲಿಟ್ಟುಕೊಂಡು ಕೇಳಬೇಕು.

ಸರ್ಕಾರ ಕೇಳಲು ಹೊರಟಿತ್ತು. 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಾರ್ಖಾನೆಯಿಂದ ಹೊರಬಿಡುವ ನೀರಿನಲ್ಲಿ ಯಾವ ಆ್ಯಂಟಿಬಯಾಟಿಕ್ ಎಷ್ಟಿರಬಹುದು ಎಂಬ ಮಿತಿಗಳ ಕರಡು ನಿಯಮ ಪ್ರಕಟಿಸಿತು. ಆ ಬಗೆಯ ಕಾನೂನು ಮಾಡುವುದರಲ್ಲಿ ಭಾರತ ಜಗತ್ತಿಗೇ ಮೊದಲಿಗನಾಗುತ್ತದೆ ಎಂದು ನಮಗೆಲ್ಲ ಹೆಮ್ಮೆ. 2021ರ ಆಗಸ್ಟ್‌ನಲ್ಲಿ ಅಂತಿಮ ನಿಯಮ ಬಂದಾಗ ಆ ಮಿತಿಗಳು ಅದರಲ್ಲಿ ಇರಲೇ ಇಲ್ಲ. ಯಾಕೆ ಬಿಟ್ಟರು ಎಂದು ನಮ್ಮ ಸಂಸದರನ್ನು ಎಷ್ಟು ಜನ ಕೇಳಿದ್ದಾರೆ? ಯುರೋಪಿನವರು 2024ರಲ್ಲಿ ಮಾಡಿದ ಕಾನೂನಿನಲ್ಲಿ ಕೊಳಚೆ ನೀರಿನಿಂದ ಇಂಥ ಅಂಶಗಳನ್ನು ತೆಗೆಯುವ ಹೆಚ್ಚುವರಿ ಖರ್ಚಿನಲ್ಲಿ ಕನಿಷ್ಠ ಶೇ. 80ನ್ನು ಔಷಧ ಮತ್ತು ಸೌಂದರ್ಯವರ್ಧಕ ತಯಾರಕರೇ ಕೊಡಬೇಕು ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಆ್ಯಂಟಿಬಯಾಟಿಕ್ ಕಾರ್ಖಾನೆಗಳ ತ್ಯಾಜ್ಯಕ್ಕೆಂದೇ ಮಾರ್ಗದರ್ಶಿ ಹೊರಡಿಸಿತು. ನಾವು ಅಗ್ಗದ ಮಾತ್ರೆಗೆ ಜಗತ್ತಿಗೇ ಹೆಸರಾದವರು, ನಿಜ. ಅಗ್ಗ ಯಾರ ಬಾವಿಯ ಲೆಕ್ಕದಲ್ಲಿ ಎಂದು ಕೇಳುವ ಹಕ್ಕು ಬೀದರಿನವನಿಗೂ ಇದೆ, ಯಾದಗಿರಿಯವನಿಗೂ ಇದೆ.

ಕೋಲಾರದ್ದು ಇನ್ನೊಂದು ಬಗೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರಿನ ಯೋಜನೆ ಅದು. ಸಾವಿರ ಅಡಿ ಕೊರೆದರೂ ನೀರು ಕಾಣದ ಜಿಲ್ಲೆಯಲ್ಲಿ ಕೆರೆ ತುಂಬಿದ್ದು ಸಣ್ಣ ಸಂಗತಿಯಲ್ಲ, ಅದನ್ನು ಹಳಿಯುವ ಮನಸ್ಸು ನಮಗಿಲ್ಲ. ಕೆಲವೇ ದಿನಗಳಲ್ಲಿ ಕೆರೆಯಲ್ಲಿ ನೊರೆ ಎದ್ದಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಅಲ್ಲಿನ ರೈತ ಮುಖಂಡರು ಕೇಳುತ್ತಲೇ ಇದ್ದಾರೆ. ನೊರೆ ಕಣ್ಣಿಗೆ ಕಾಣುವುದರಿಂದ ಚರ್ಚೆಯೆಲ್ಲ ಅದರ ಸುತ್ತಲೇ ನಡೆಯಿತು. ಕಣ್ಣಿಗೆ ಕಾಣದ ಔಷಧದ ಅಂಶವನ್ನು ತೆಗೆಯಲೆಂದು ಎರಡನೇ ಹಂತದ ಶುದ್ಧೀಕರಣವನ್ನು ರೂಪಿಸಿಲ್ಲ. ಬೆಂಗಳೂರಿನ ಆಸ್ಪತ್ರೆಗಳ, ಅಪಾರ್ಟ್‌ಮೆಂಟುಗಳ ಮಾತ್ರೆಯ ಲೆಕ್ಕವೂ ಆ ಪೈಪಿನಲ್ಲಿ ಹೋಗುತ್ತಿದೆ ಎಂಬುದನ್ನು ಕೋಲಾರದವರು ತಮ್ಮ ಬೇಡಿಕೆಗೆ ಸೇರಿಸಿಕೊಳ್ಳಬೇಕು. ಸುಲೈಬಿಯಾದಲ್ಲಿ ಕುವೈತ್ ಆರ್‌ಓವರೆಗೂ ಹೋಯಿತು. ತೈಲದ ದುಡ್ಡಿದೆ, ಹೋಯಿತು. ಕೋಲಾರಕ್ಕೆ ಅಷ್ಟಲ್ಲದಿದ್ದರೂ ಒಂದು ಹಂತ ಹೆಚ್ಚು ಕೇಳುವುದು ದುರಾಸೆಯೇ?

ಮತ್ತೆ ಕುವೈತಿಗೆ. ಕುವೈತ್ ಕೊಲ್ಲಿ ಆಳವಿಲ್ಲದ್ದು, ಅಲ್ಲಿನ ನೀರು ನಿಧಾನವಾಗಿ ಬದಲಾಗುತ್ತದೆ, ಹಾಗಾಗಿ ಅದಕ್ಕೆ ಬಿಟ್ಟದ್ದು ಬೇಗ ದೂರ ಹೋಗುವುದಿಲ್ಲ. 2001ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಇಲ್ಲಿನವರು ಮೈದ್ ಎನ್ನುವ ಮೀನು 2,500 ಟನ್ನಿಗೂ ಹೆಚ್ಚು ಸತ್ತು ದಡಕ್ಕೆ ಬಂತು, ಒಂದು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ. ಅದಕ್ಕೂ ಔಷಧಕ್ಕೂ ನಾವು ಗಂಟು ಹಾಕುತ್ತಿಲ್ಲ. ಆ ಕೊಲ್ಲಿ ಎಷ್ಟು ಸೂಕ್ಷ್ಮ ಎಂಬುದಕ್ಕೆ ಹೇಳಿದೆವು ಅಷ್ಟೆ.

ಕೊಲ್ಲಿಗಿಂತ ನಮಗೆ ಹತ್ತಿರದ ಜಾಗ ಆಸ್ಪತ್ರೆಯ ಸಿಂಕು. ಈ ಸಂಚಿಕೆ ಓದುವವರಲ್ಲಿ ನರ್ಸುಗಳು ಬಹಳ ಇದ್ದೀರಿ, ಈ ಮಾತು ಮುಖ್ಯವಾಗಿ ನಿಮಗೆ. ಡ್ರಿಪ್ ಮುಗಿದ ಮೇಲೆ ಬಾಟಲಿಯಲ್ಲಿ, ಟ್ಯೂಬಿನಲ್ಲಿ ಉಳಿದ ಆ್ಯಂಟಿಬಯಾಟಿಕ್ಕನ್ನು ಕೈತೊಳೆಯುವ ಸಿಂಕಿಗೆ ಸುರಿಯುವ ಅಭ್ಯಾಸ ಎಷ್ಟೋ ದೇಶಗಳ ವಾರ್ಡುಗಳಲ್ಲಿದೆ. ಸಿಂಕಿನ ಕೆಳಗೆ ಬಾಗಿದ ಪೈಪಿನಲ್ಲಿ ಸದಾ ನೀರು ನಿಂತಿರುತ್ತದೆ, ಅಲ್ಲಿ ಬಯೋಫಿಲ್ಮ್ ಇಲ್ಲದ ಆಸ್ಪತ್ರೆ ಜಗತ್ತಿನಲ್ಲಿಲ್ಲ. ಅದರ ಮೇಲೆ ದಿನಕ್ಕೆ ನಾಲ್ಕು ಸಲ ಸ್ವಲ್ಪ ಮೆರೊಪೆನೆಮ್, ಸ್ವಲ್ಪ ಸೆಫ್ಟ್ರಿಯಾಕ್ಸೋನ್ ಸುರಿದರೆ ಏನಾಗುತ್ತದೆ ಎಂಬುದನ್ನು ಮೇಲೆ ಓದಿದ್ದೀರಿ. ರೋಗಿ ಕುಡಿದು ಬಿಟ್ಟ ಜ್ಯೂಸು, ಟ್ಯೂಬ್ ಫೀಡು ಸುರಿದರೆ ಇನ್ನೊಂದು ಬಗೆಯ ಉಪಕಾರ. ವರ್ಜೀನಿಯಾ ವಿಶ್ವವಿದ್ಯಾಲಯದವರು 2017ರಲ್ಲಿ ಇದನ್ನು ಸಿಂಕು ಕಟ್ಟಿಯೇ ತೋರಿಸಿದರು. ಪೋಷಕಾಂಶ ಸಿಕ್ಕಾಗ ಕೆಳಗಿನ ಬಾಗು ಪೈಪಿನ ಬಯೋಫಿಲ್ಮ್ ದಿನಕ್ಕೆ ಸುಮಾರು ಒಂದಿಂಚಿನಂತೆ ಮೇಲಕ್ಕೆ ಬೆಳೆದು ಸಿಂಕಿನ ಜಾಲರಿ ಮುಟ್ಟಿತು. ಅಲ್ಲಿಗೆ ಮುಟ್ಟಿದ ಮೇಲೆ ನಲ್ಲಿ ತಿರುಗಿಸಿದರೆ ಸಾಕು, ಹನಿಗಳ ಜೊತೆ ಸುತ್ತಲೂ ಸಿಡಿಯಿತು. ಹಾಸಿಗೆಯ ಪಕ್ಕದ ಸಿಂಕಾದರೆ ಸುತ್ತ ಇರುವುದು ರೋಗಿ. ಕೈತೊಳೆಯುವ ಸಿಂಕು ಕೈತೊಳೆಯಲಿಕ್ಕೆ ಮಾತ್ರ. ಉಳಿದ ಔಷಧ ಅದಕ್ಕೆಂದೇ ಇರುವ ಔಷಧ ತ್ಯಾಜ್ಯದ ಡಬ್ಬಿಗೆ ಹೋಗಬೇಕು. ಡಬ್ಬಿ ದೂರದಲ್ಲಿದ್ದರೆ ಹತ್ತಿರಕ್ಕೆ ಹಾಕಿಸಿಕೊಡಿ ಎಂದು ಫಾರ್ಮಸಿಯವರನ್ನೇ ಪೀಡಿಸಿ. ನಾವು ಬೈಸಿಕೊಳ್ಳಲು ತಯಾರಿದ್ದೇವೆ.

ಇನ್ನು ನಮ್ಮ ರೂಮುಗಳು. ನಾಲ್ಕು ಜನ ಇರುವ ಬ್ಯಾಚುಲರ್ ರೂಮಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇದ್ದೇ ಇರುತ್ತದೆ, ಅದರಲ್ಲಿ ಪನಡಾಲ್ ಜೊತೆಗೆ ಊರಿಂದ ಬಂದವರೆಲ್ಲ ತಂದಿಟ್ಟ ಮಾತ್ರೆಗಳ ಸಂತೆ. ಗಂಟಲು ಕೆರೆದರೆ ಅದರಿಂದ ಎರಡು ಅಜಿತ್ರೋಮೈಸಿನ್, ಭೇದಿಯಾದರೆ ಒಂದು ಸಿಪ್ರೊ. ಡಾಕ್ಟರ ಹತ್ತಿರ ಹೋಗಲು ರಜೆ ಸಿಗುವುದಿಲ್ಲ, ಹೋದರೆ ದಿನಾರು ಖರ್ಚು, ಸಂಬಳ ಕಡಿತ, ಸೂಪರ್‌ವೈಸರನ ಮುಖ. ಈ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ, ಆದ್ದರಿಂದ ಬುದ್ಧಿವಾದ ಹೇಳುವ ಧೈರ್ಯವೂ ಕಡಿಮೆ. ಆದರೂ ಒಂದು ಮಾತು ಹೇಳಲೇಬೇಕು. ಗಂಟಲು ನೋವು, ನೆಗಡಿ, ಜ್ವರದಲ್ಲಿ ಹೆಚ್ಚಿನವು ವೈರಸ್ಸಿನಿಂದ ಬರುವಂಥವು, ಅವುಗಳಿಗೆ ಆ್ಯಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಆ ಎರಡು ಅಜಿತ್ರೋಮೈಸಿನ್ ನಿಮ್ಮ ಗಂಟಲಿಗೆ ಏನೂ ಕೊಡದೆ ಹೊಟ್ಟೆಯ ಬ್ಯಾಕ್ಟೀರಿಯಾಗಳಿಗೆ ಒಂದು ಪಾಠ ಹೇಳಿ, ಮರುದಿನ ಕೊಳಚೆಯ ಬ್ಯಾಕ್ಟೀರಿಯಾಗಳಿಗೆ ಅದೇ ಪಾಠ ಹೇಳಲು ಹೊರಡುತ್ತವೆ. ವೈದ್ಯರು ಬರೆದುಕೊಟ್ಟ ಔಷಧವನ್ನು ಅವರು ಹೇಳಿದಷ್ಟು ದಿನ ತೆಗೆದುಕೊಳ್ಳಿ. ಈಗ ಎಷ್ಟೋ ಕಾಯಿಲೆಗಳಿಗೆ ಹತ್ತು ದಿನದ ಬದಲು ಐದು ದಿನ ಸಾಕು ಎಂದು ಗೊತ್ತಾಗಿದೆ, ಆದ್ದರಿಂದ ಕಡಿಮೆ ಬರೆದರೆಂದು ಅವರ ಮೇಲೆ ಸಿಟ್ಟಾಗಬೇಡಿ, ನೀವಾಗಿ ಹೆಚ್ಚಿಸಲೂಬೇಡಿ.

ಪಟಾಂಚೆರುವಿನಲ್ಲಿ ಕಾರ್ಖಾನೆ ಕಿಲೋಗಟ್ಟಲೆ ಬಿಡುವಾಗ ನಮ್ಮ ರೂಮಿನ ನಾಲ್ಕು ಮಾತ್ರೆ ಯಾವ ಲೆಕ್ಕ ಎಂದು ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅವಧಿ ಮೀರಿದ ಮಾತ್ರೆಯನ್ನು ಫ್ಲಶ್ ಮಾಡುವುದು ಈ ಮಾಲಿನ್ಯದಲ್ಲಿ ಸಣ್ಣ ಪಾಲು, ನಾವು ನುಂಗಿ ಹೊರಹಾಕುವುದು ದೊಡ್ಡ ಪಾಲು, ಕಾರ್ಖಾನೆ ಇರುವ ಊರಿನಲ್ಲಿ ಕಾರ್ಖಾನೆಯದು ಎಲ್ಲಕ್ಕಿಂತ ದೊಡ್ಡದು. ಹಾಗೆಂದೇ ನಾವು ಮೊದಲು ಕಾನೂನಿನ ಮಾತು ಎತ್ತಿದ್ದು. ಆದರೆ ಬೇಡದ ಆ್ಯಂಟಿಬಯಾಟಿಕ್ ನುಂಗದಿರುವುದಕ್ಕೆ ಯಾವ ಸಚಿವಾಲಯದ ಅಪ್ಪಣೆಯೂ ಬೇಕಿಲ್ಲ. 2019ರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರು ಎಂದು ಲ್ಯಾನ್ಸೆಟ್ ಪತ್ರಿಕೆಯ ಅಂದಾಜು. ಅಷ್ಟು ಸಾವಿನ ಎದುರು ಬಿಸ್ಕತ್ತಿನ ಡಬ್ಬಿಯನ್ನು ಒಮ್ಮೆ ತೆರೆದು ನೋಡುವುದು ದೊಡ್ಡ ಕೆಲಸವಲ್ಲ.

ತೆರೆದ ಮೇಲೆ ಏನು ಮಾಡುವುದು? ಅವಧಿ ಮೀರಿದ ಮಾತ್ರೆಗಳನ್ನು ಶೌಚಾಲಯಕ್ಕೆ ಹಾಕಬೇಡಿ, ಸಿಂಕಿಗೆ ಸಿರಪ್ ಸುರಿಯಬೇಡಿ. ಹತ್ತಿರದ ಆಸ್ಪತ್ರೆಯ ಫಾರ್ಮಸಿಯಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿ. ಇಲ್ಲವೆಂದರೆ ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ, ಬಳಸಿದ ಚಹಾ ಅಥವಾ ಕಾಫಿ ಚರಟದ ಜೊತೆ ಕಲಸಿ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಕಸಕ್ಕೆ ಹಾಕಿ. ಮಾರ್ಫಿನ್, ಫೆಂಟನಿಲ್‌ನಂಥ ಮತ್ತು ಬರಿಸುವ ಕೆಲವು ಔಷಧಗಳು ಮಕ್ಕಳ ಕೈಗೆ ಸಿಕ್ಕರೆ ಜೀವ ಹೋಗುತ್ತದೆ ಎಂಬ ಕಾರಣಕ್ಕೆ ಫ್ಲಶ್ ಮಾಡಬಹುದು ಎಂದು ಭಾರತದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ 17 ಹೆಸರುಗಳ ಪಟ್ಟಿ ಕೊಟ್ಟಿದೆ, ಅದು ವಿನಾಯಿತಿ. (ಅಂಥ ಮಾತ್ರೆಗಳನ್ನು ಚೀಟಿಯಿಲ್ಲದೆ ಊರಿಂದ ಇಲ್ಲಿಗೆ ತರುವುದು ಜೈಲಿನ ದಾರಿ ಎಂಬುದು ಬೇರೆ ವಿಷಯ, ಆದರೂ ನೆನಪಿಸಿಬಿಡುತ್ತೇವೆ.) ಕಾಸರಗೋಡಿನ ಬಂಧುಗಳ ರಾಜ್ಯ ಕೇರಳ 2025ರಲ್ಲಿ ಮನೆಗಳಿಂದ ಹಳೆಯ ಔಷಧ ಸಂಗ್ರಹಿಸುವ ಯೋಜನೆಯನ್ನು ಕೋಝಿಕ್ಕೋಡಿನಲ್ಲಿ ಶುರು ಮಾಡಿತು. ಮಂಗಳೂರು, ಉಡುಪಿಯಲ್ಲಿ ಮೆಡಿಕಲ್ ಕಾಲೇಜುಗಳಿಗೂ ಮೆಡಿಕಲ್ ಶಾಪುಗಳಿಗೂ ಕೊರತೆಯಿಲ್ಲ, ಅಲ್ಲಿ ಇದನ್ನು ಮಾಡಲು ಏನು ಅಡ್ಡಿ?

ನಮ್ಮ ಸಂಘದ ಮುಂದೆಯೂ ಒಂದು ಬೇಡಿಕೆ ಇಡುತ್ತೇವೆ. ಪ್ರತಿ ವರ್ಷ ವೈದ್ಯಕೀಯ ಶಿಬಿರ ಮಾಡುತ್ತೇವೆ, ಬಿ.ಪಿ. ನೋಡುವ ಮೇಜು, ಸಕ್ಕರೆ ನೋಡುವ ಮೇಜು ಹಾಕುತ್ತೇವೆ. ಈ ಸಲ ಮೂರನೆಯದೊಂದು ಮೇಜು ಹಾಕೋಣ. ಬರುವವರು ರೂಮಿನ ಡಬ್ಬಿಯನ್ನು ಹಾಗೆಯೇ ತರಲಿ. ಯಾವುದು ಇಟ್ಟುಕೊಳ್ಳುವುದು, ಯಾವುದು ಬಿಡುವುದು ಎಂದು ನಮ್ಮಲ್ಲಿನ ಫಾರ್ಮಸಿಸ್ಟರು ನೋಡಿ ಹೇಳುತ್ತಾರೆ. ಬಿಟ್ಟದ್ದನ್ನು ಔಷಧ ತ್ಯಾಜ್ಯ ಸುಡುವ ವ್ಯವಸ್ಥೆ ಇರುವ ಆಸ್ಪತ್ರೆಯೊಂದರ ಜೊತೆ ಮೊದಲೇ ಮಾತಾಡಿಕೊಂಡು ಒಪ್ಪಿಸೋಣ. ಇದಕ್ಕೆ ಬೇಕಾದದ್ದು ಒಂದು ಮೇಜು, ಎರಡು ಮುಚ್ಚಳವಿರುವ ಡಬ್ಬಿ, ಕೈಗವಸು, ಒಂದು ರಿಜಿಸ್ಟರ್. ಮೇಜಿನ ಹಿಂದೆ ಕೂರಲು ನಾವು ನಾಲ್ಕು ಜನ ಈಗಾಗಲೇ ಒಪ್ಪಿದ್ದೇವೆ, ಶುಕ್ರವಾರವಾದರೆ ಇನ್ನೂ ಇಬ್ಬರು ಸಿಗುತ್ತಾರೆ.